ಥೀಟಾಗೆ ಇಳಿಯದಿದ್ದರೆ ಹಿಪ್ನೋಥೆರಪಿ ಕೆಲಸ ಮಾಡುವುದಿಲ್ಲವಾ?

ಐಬಿಎಸ್‌ಗೆ (ಪದೇ ಪದೇ ಹೊಟ್ಟೆ ನೋವು, ಟಾಯ್ಲೆಟ್ ಏರುಪೇರು ತರುವ ಕರುಳಿನ ತೊಂದರೆ) ಹಿಪ್ನೋಥೆರಪಿ, ಅಂದರೆ ಸಮ್ಮೋಹನದ ಚಿಕಿತ್ಸೆ ತಗೊಳ್ಳುತ್ತಿದ್ದೀರಿ. ನೀವು ಆಲ್ಫಾ ಅನ್ನುವ ಮಿದುಳಿನ ಅಲೆಯಲ್ಲೇ ನಿಂತುಬಿಡುತ್ತೀರಿ, ಅದಕ್ಕಿಂತ ನಿಧಾನದ ಥೀಟಾ ಅಲೆಗೆ ಇಳಿದರೆ ಮಾತ್ರ ಒಳಮನಸ್ಸಿಗೆ ಮಾತು ತಲುಪುತ್ತದೆ ಅಂತ ನಿಮ್ಮ ಥೆರಪಿಸ್ಟ್ ಅಂದಿದ್ದಾರೆ. ಮನೆಯಲ್ಲಿ ಅಭ್ಯಾಸ ಮಾಡಲು ಮಿದುಳಿನ ಅಲೆ ತೋರಿಸುವ ಹೆಡ್‌ಬ್ಯಾಂಡ್ ತಗೊಳ್ಳಲಾ ಅಂತ ಕೇಳಿದ್ದೀರಿ.

ತಗೊಳ್ಳಬೇಡಿ. ನನಗೂ ಇದೇ ಮಾತು ಹೇಳಿದ್ದರು. ನಾನು ತಗೊಂಡೆ.

ಆಗ ನಾನು ಉಡುಪಿಯಿಂದ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತವರು ನಿದ್ದೆ ಮಾಡುತ್ತಿದ್ದರು. ನಾನು ಮಾತ್ರ ಕಾಪುವಿನಲ್ಲಿ ಇಳಿದರೆ ಟಾಯ್ಲೆಟ್ ಎಲ್ಲಿ, ಪಡುಬಿದ್ರಿಯಲ್ಲಿ ಯಾವ ಹೋಟೆಲಿನವರು ಏನೂ ಕೇಳದೆ ಒಳಗೆ ಬಿಡುತ್ತಾರೆ ಅಂತ ಲೆಕ್ಕ ಹಾಕುತ್ತಾ ಕೂರುತ್ತಿದ್ದೆ. ಮೂಲ್ಕಿ ದಾಟುವ ಹೊತ್ತಿಗೆ ಹೊಟ್ಟೆ ಹಿಂಡಲು ಶುರು. ಕೂಳೂರು ಸೇತುವೆ ಹತ್ತಿರ ಜಾಮ್ ಆಯಿತೆಂದರೆ ಬೆನ್ನೆಲ್ಲ ಬೆವರು. ಬೆಳಿಗ್ಗೆ ತಿಂಡಿ ತಿನ್ನುವುದನ್ನೇ ಬಿಟ್ಟೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಡಾಕ್ಟರ್ ರಕ್ತ, ಮಲ, ಸ್ಕೋಪಿ ಎಲ್ಲ ಮಾಡಿಸಿ ಐಬಿಎಸ್ ಅಂದರು. ಮಾತ್ರೆ ಅಷ್ಟಕ್ಕಷ್ಟೇ ಆಯಿತು. ಆಮೇಲೆ ಯಾರೋ ಹೇಳಿದರು ಅಂತ ಮಂಗಳೂರಿನ ಒಂದು ಸೆಂಟರ್‌ಗೆ ಹೋದೆ. ಒರಗಿಕೊಳ್ಳುವ ಕುರ್ಚಿ, ಹಣೆಗೆ ಒಂದು ಪಟ್ಟಿ, ಎದುರಿಗೆ ಟ್ಯಾಬ್. ಟ್ಯಾಬಿನಲ್ಲಿ ಐದು ಬಣ್ಣದ ಕಂಬಗಳು: ಡೆಲ್ಟಾ, ಥೀಟಾ, ಆಲ್ಫಾ, ಬೀಟಾ, ಗ್ಯಾಮಾ. ಸೆಷನ್ ಮುಗಿದ ಮೇಲೆ ಅವರು ಕಂಬ ತೋರಿಸಿ, 'ನೋಡಿ, ನಿಮ್ಮ ಥೀಟಾ ಏಳಲೇ ಇಲ್ಲ, ನೀವು ಬಿಟ್ಟುಕೊಡುತ್ತಿಲ್ಲ' ಅನ್ನುತ್ತಿದ್ದರು. ಮುಂದಿನ ಪ್ಯಾಕೇಜ್‌ಗೆ ದುಡ್ಡು ಕಟ್ಟಿ ಬರುತ್ತಿದ್ದೆ.

ಅಲ್ಲಿಂದ ಶುರುವಾದ ನನ್ನ ತಪ್ಪನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನೀವು ಈಗ ನಿಂತಿರುವುದು ಅದೇ ಜಾಗದಲ್ಲಿ.

ನಾನು ಹೋಗಿದ್ದು ಹೊಟ್ಟೆ ಸರಿ ಮಾಡಿಸಿಕೊಳ್ಳಲು. ಹೆಡ್‌ಬ್ಯಾಂಡ್ ಮನೆಗೆ ಬಂದ ಮೇಲೆ ಹೊಟ್ಟೆಯ ವಿಷಯವೇ ಹಿಂದೆ ಬಿತ್ತು, ಥೀಟಾ ಮುಂದೆ ಬಂತು. ದಿನಾ ರಾತ್ರಿ ಪಟ್ಟಿ ಕಟ್ಟಿಕೊಂಡು ಕೂರುವುದು, ಬಂದ ಅಂಕಿಯನ್ನು ಒಂದು ಡೈರಿಯಲ್ಲಿ ಬರೆಯುವುದು. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಬೈನಾರಲ್ ಬೀಟ್ಸ್. ಒಂದು ಕಿವಿಗೆ 200 ಹರ್ಟ್ಸ್, ಇನ್ನೊಂದಕ್ಕೆ 206 ಹರ್ಟ್ಸ್ ಕೊಟ್ಟರೆ ತಲೆಯೊಳಗೆ ಸೆಕೆಂಡಿಗೆ 6 ಸಲ ಮಿಡಿದ ಹಾಗೆ ಕೇಳುತ್ತದೆ, ಅದು ನಿಜ. ಹಾಗೆ ಕೇಳಿಸಿದ ಮಾತ್ರಕ್ಕೆ ಇಡೀ ಮಿದುಳು 6 ಹರ್ಟ್ಸ್‌ಗೆ ಬಂತು ಅಂತ ಆಗುವುದಿಲ್ಲ. ನಾನು ಆಯಿತು ಅಂತಲೇ ನಂಬಿದ್ದೆ. ಅಂಕಿ ಜಾಸ್ತಿ ಬಂದ ದಿನ ಖುಷಿ, ಕಡಿಮೆ ಬಂದ ದಿನ ಇಡೀ ರಾತ್ರಿ ಬೇಜಾರು. ಹೊಟ್ಟೆ ಹೇಗಿತ್ತು, ಎಷ್ಟು ಸಲ ಓಡಬೇಕಾಯಿತು, ನೋವು ಎಷ್ಟಿತ್ತು ಅಂತ ಒಂದು ದಿನವೂ ಬರೆದಿಡಲಿಲ್ಲ. ಗುಣವಾಗುತ್ತಿದ್ದೇನಾ ಅಂತ ಹೇಳುವ ಅಧಿಕಾರವನ್ನು ಹೊಟ್ಟೆಯಿಂದ ಕಿತ್ತು ಆ ಪಟ್ಟಿಗೆ ಕೊಟ್ಟಿದ್ದೆ. ಥೀಟಾ ಏಳದಿದ್ದಾಗ 'ನನ್ನ ಮನಸ್ಸೇ ಗಟ್ಟಿ, ಅದು ತೆರೆಯುವುದೇ ಇಲ್ಲ' ಅಂತ ತೀರ್ಮಾನ ಮಾಡಿದೆ. ಮಂಗಳೂರಿನ ಒಳ್ಳೆಯ ಕೆಲಸ ಬಿಟ್ಟು, ಕಡಿಮೆ ಸಂಬಳಕ್ಕೆ ಉಡುಪಿಯಲ್ಲೇ ಸೇರಿಕೊಂಡೆ. ಪ್ಯಾಕೇಜ್ ದುಡ್ಡು ಹೋದದ್ದು ಅಷ್ಟು ಕಾಡುವುದಿಲ್ಲ, ಈ ಕೆಲಸ ಬಿಟ್ಟದ್ದು ಈಗಲೂ ಕಾಡುತ್ತದೆ.

ಕಣ್ಣು ತೆರೆದದ್ದು ಅಕ್ಕನ ಮಗನ ಇಇಜಿ ದಿನ, ಅಂದರೆ ತಲೆಗೆ ವೈರ್ ಅಂಟಿಸಿ ಮಿದುಳಿನ ಅಲೆ ದಾಖಲಿಸುವ ಪರೀಕ್ಷೆಯ ದಿನ. ಅವನಿಗೆ ಒಮ್ಮೆ ಫಿಟ್ಸ್ ಬಂದಿತ್ತು. ಮಣಿಪಾಲದಲ್ಲಿ ಇಇಜಿಗೆ ಬರೆದುಕೊಟ್ಟಿದ್ದರು, ನಾನು ಜೊತೆಗೆ ಹೋಗಿದ್ದೆ. ತಲೆಗೆ ಶಾಂಪೂ ಹಾಕಿ ಸ್ನಾನ ಮಾಡಿಸಿ, ಎಣ್ಣೆ ಹಚ್ಚದೆ ಕರೆತರಬೇಕು ಅಂತ ಮೊದಲೇ ಹೇಳಿದ್ದರು. ಟೆಕ್ನಿಷಿಯನ್ ಟೇಪ್ ಹಿಡಿದು ತಲೆ ಅಳೆದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಒಂದೊಂದು ಗುರುತಿಗೂ ಪೇಸ್ಟ್ ಹಚ್ಚಿ ವೈರ್ ಅಂಟಿಸಿದರು. ಹುಡುಗ ಹೆದರಿ 'ಮಾವ, ಶಾಕ್ ಹೊಡೆಯುತ್ತಾ?' ಅಂತ ನನ್ನ ಕೈ ಹಿಡಿದುಕೊಂಡ. ಟೆಕ್ನಿಷಿಯನ್ನೇ ಸಮಾಧಾನ ಮಾಡಿದರು: 'ಇದು ಕೊಡುವ ಮೆಷಿನ್ ಅಲ್ಲ ಪುಟ್ಟ, ಬರೇ ಕೇಳಿಸಿಕೊಳ್ಳುವ ಮೆಷಿನ್.'

ಕಣ್ಣು ಮುಚ್ಚು ಅಂದರು. ತಲೆಯ ಹಿಂಭಾಗದ ಗೆರೆಗಳಲ್ಲಿ ಸೆಕೆಂಡಿಗೆ ಸುಮಾರು 10ರಂತೆ ಒಂದೇ ಸಮನಾದ ಅಲೆ ಬಂತು. ಕಣ್ಣು ಬಿಡು ಅಂದರು, ಹೋಯಿತು. ಮತ್ತೆ ಮುಚ್ಚಿಸಿದರು, ಮತ್ತೆ ಬಂತು. ಅದೇ ಆಲ್ಫಾ. ನನಗೆ ಯಾವುದೋ ಮಟ್ಟ, ಮೆಟ್ಟಿಲು ಅಂತೆಲ್ಲ ಹೇಳಿದ್ದ ಆಲ್ಫಾ, ಹೆದರಿ ಕೂತ ಹುಡುಗನಿಗೆ ಬರೇ ಕಣ್ಣು ಮುಚ್ಚಿದ್ದಕ್ಕೆ ಬಂದಿತ್ತು.

ಅಷ್ಟರಲ್ಲಿ ಹಣೆಯ ಹತ್ತಿರದ ಗೆರೆಗಳಲ್ಲಿ ನಿಧಾನದ ದೊಡ್ಡ ದೊಡ್ಡ ಅಲೆಗಳು ಬಂದವು. ಥೀಟಾ ಅಲ್ವಾ ಅಂತ ಕೇಳಿದೆ. 'ಅಲ್ಲ ಸರ್, ರೆಪ್ಪೆಯೊಳಗೆ ಕಣ್ಣು ಹೊರಳಿಸ್ತಾ ಇದ್ದಾನೆ' ಅಂದರು. ಕಣ್ಣುಗುಡ್ಡೆಗೆ ಅದರದ್ದೇ ವಿದ್ಯುತ್ ಉಂಟು. ಅದು ಹೊರಳಿದರೆ, ರೆಪ್ಪೆ ಬಡಿದರೆ ಹಣೆಯ ವೈರಿಗೆ ಮಿದುಳಿನ ಸದ್ದಿಗಿಂತ ಎಷ್ಟೋ ದೊಡ್ಡ ಸಿಗ್ನಲ್ ಬರುತ್ತದೆ. ಮಿದುಳಿನದ್ದು ಮೈಕ್ರೋವೋಲ್ಟ್ ಲೆಕ್ಕದ ಸಣ್ಣ ಸಿಗ್ನಲ್. ಹುಡುಗ ಹಲ್ಲು ಕಚ್ಚಿದಾಗಂತೂ ಎಲ್ಲ ಗೆರೆಗಳೂ ದಪ್ಪಗೆ ಕಪ್ಪಾದವು. ಅದು ದವಡೆಯ ಸ್ನಾಯು.

ನನ್ನ ಹೆಡ್‌ಬ್ಯಾಂಡ್ ಕೂರುತ್ತಿದ್ದದ್ದು ಹಣೆಯ ಮೇಲೇ. ಮನೆಗೆ ಬಂದು ಪಟ್ಟಿ ಕಟ್ಟಿಕೊಂಡು, ಮುಚ್ಚಿದ ರೆಪ್ಪೆಯೊಳಗೆ ಬೇಕಂತಲೇ ಕಣ್ಣು ಹೊರಳಿಸಿದೆ. ಥೀಟಾ ಕಂಬ ಸರಸರ ಎದ್ದಿತು. ಆಮೇಲೆ ಡೈರಿ ತೆಗೆದು ನೋಡಿದೆ. ಒಳ್ಳೆಯ ಅಂಕಿ ಬಂದ ರಾತ್ರಿಗಳೆಲ್ಲ ಹಿಂದಿನ ದಿನ ಹೊಟ್ಟೆ ಕೆಟ್ಟು ನಿದ್ದೆಯಿಲ್ಲದೆ ತೂಕಡಿಸಿದ ರಾತ್ರಿಗಳು. ತೂಕಡಿಕೆಯಲ್ಲಿ ಕಣ್ಣು ತಾನಾಗಿ ನಿಧಾನಕ್ಕೆ ಹೊರಳುತ್ತದೆ, ನಿಜವಾದ ಥೀಟಾ ಕೂಡ ಆಗ ಜಾಸ್ತಿ ಬರುತ್ತದೆ. ಒಳಮನಸ್ಸು ತೆರೆಯುತ್ತಿದೆ ಅಂತ ಬರೆದುಕೊಂಡದ್ದೆಲ್ಲ ನಿದ್ದೆ ಕೆಟ್ಟದ್ದರ ಲೆಕ್ಕ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮನುಷ್ಯರ ಮಿದುಳಿನ ಅಲೆಯನ್ನು ಮೊದಲು ದಾಖಲಿಸಿದ್ದು ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಎಂಬ ಮನೋವೈದ್ಯರು, 1924ರಲ್ಲಿ. ಪ್ರಕಟವಾದದ್ದು 1929ರಲ್ಲಿ. ಅದಕ್ಕಿಂತ ಎಷ್ಟೋ ಮೊದಲು, 1845ರ ಹೊತ್ತಿಗೆ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸರ್ಜನ್ ಹಿಪ್ನಾಸಿಸ್‌ನ ಹಳೆಯ ರೂಪವಾದ ಮೆಸ್ಮೆರಿಸಂ ಬಳಸಿ ಆಪರೇಷನ್ ಮಾಡುತ್ತಿದ್ದರು. ಯಾರ ಥೀಟಾವನ್ನೂ ಅವರು ಅಳೆದಿರಲಿಲ್ಲ. ಈಗಲೂ ಯಾರು ಎಷ್ಟು ಹಿಪ್ನಾಸಿಸ್‌ಗೆ ಒಳಗಾಗುತ್ತಾರೆ ಅಂತ ನೋಡುವುದು ಅಲೆಯಿಂದಲ್ಲ. 1959ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಹಿಲ್ಗಾರ್ಡ್ ಮತ್ತು ಅವರ ಸಹೋದ್ಯೋಗಿ ಮಾಡಿದ ಪರೀಕ್ಷೆಯಲ್ಲಿ ಚಾಚಿದ ಕೈ ಭಾರವಾಗುತ್ತಿದೆ ಅಂದಾಗ ಕೈ ಇಳಿಯುತ್ತದಾ, ಇಲ್ಲದ ನೊಣ ಇದೆ ಅಂದಾಗ ಓಡಿಸುತ್ತೀರಾ ಅಂತ ನೋಡುತ್ತಾರೆ. ಹಿಪ್ನಾಸಿಸ್‌ಗೆ ಚೆನ್ನಾಗಿ ಒಗ್ಗುವವರಲ್ಲಿ ಥೀಟಾ ಜಾಸ್ತಿ ಕಂಡ ಅಧ್ಯಯನಗಳು ಉಂಟು. ಆದರೆ ಈ ಅಲೆ ಬಂದರೆ ಹಿಪ್ನಾಸಿಸ್, ಬಾರದಿದ್ದರೆ ಅಲ್ಲ ಅನ್ನುವಂಥ ಗುರುತು ಯಾವುದೂ ಇಲ್ಲ. ಎಲ್ಲ ಅಲೆಗಳೂ ತಲೆಯಲ್ಲಿ ಒಟ್ಟೊಟ್ಟಿಗೇ ಇರುತ್ತವೆ. ಸೆಕೆಂಡಿಗೆ 4ರಿಂದ 8 ಸಲ ಬಂದರೆ ಥೀಟಾ, 8ರಿಂದ 13 ಸಲ ಬಂದರೆ ಆಲ್ಫಾ ಅಂತ ಗೆರೆ ಎಳೆದದ್ದು ನಾವು. ಬಸ್ಸಿನ ಎಂಜಿನ್ ಸದ್ದು ಕೇಳಿ ಅದು ಓಡುತ್ತಿದೆ ಅನ್ನಬಹುದು, ಕಾರ್ಕಳಕ್ಕಾ ಕುಂದಾಪುರಕ್ಕಾ ಅಂತ ಹೇಳಲು ಆಗುವುದಿಲ್ಲ.

ಹಿಪ್ನೋಥೆರಪಿಯೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಐಬಿಎಸ್ ವಿಷಯದಲ್ಲಂತೂ ಅದಕ್ಕೆ ಗಟ್ಟಿ ಆಧಾರ ಉಂಟು. 1984ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಡಾಕ್ಟರ್ ಪೀಟರ್ ವೋರ್‌ವೆಲ್ ಮತ್ತು ಜೊತೆಯವರು ಯಾವ ಔಷಧಿಗೂ ಬಗ್ಗದ ಐಬಿಎಸ್ ಇದ್ದ 30 ಜನರ ಮೇಲೆ ಪ್ರಯೋಗ ಮಾಡಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಿಪ್ನೋಥೆರಪಿ ಪಡೆದವರು ಎದ್ದುಕಾಣುವಷ್ಟು ಸುಧಾರಿಸಿದ್ದರು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2008ರ ಮಾರ್ಗಸೂಚಿಯಲ್ಲಿ, 12 ತಿಂಗಳ ಔಷಧಿಗೂ ಜಗ್ಗದ ಐಬಿಎಸ್‌ಗೆ ಇದನ್ನು ಪರಿಗಣಿಸಿ ಅಂತ ಬರೆದಿದೆ.

ನಾನು ಕೊನೆಗೆ ಹೋದದ್ದು ಹೊಟ್ಟೆಯ ಡಾಕ್ಟರೇ ಬರೆದುಕೊಟ್ಟ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ. ಅಲ್ಲಿ ಪಟ್ಟಿಯೂ ಇಲ್ಲ, ಟ್ಯಾಬೂ ಇಲ್ಲ. ಅವರು ಮೊದಲು ಕೇಳಿದ್ದು, 'ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹೊಳೆ ಹೇಳಿ.' ಉದ್ಯಾವರ ಹೊಳೆ ಅಂದೆ. 'ಯಾವ ತಿಂಗಳಿನದ್ದು?' ಡಿಸೆಂಬರ್ ಅಂದೆ, ನೀರು ಕೆಂಪು ಬಿಟ್ಟು ನಿಧಾನಕ್ಕೆ ಹರಿಯುವ ಕಾಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಅಂಗೈಯ ಬಿಸಿ ಒಳಗೆ ಇಳಿಯುವುದನ್ನು ಗಮನಿಸುತ್ತಾ, ಕರುಳು ಆ ಹೊಳೆಯ ವೇಗದಲ್ಲೇ ಸಾಗುತ್ತಿದೆ ಅಂತ ಅವರು ಹೇಳಿದ ಹಾಗೆ ಕಲ್ಪಿಸಿಕೊಳ್ಳಬೇಕು. ಮ್ಯಾಂಚೆಸ್ಟರ್‌ನಲ್ಲಿ ಮಾಡಿದ್ದೂ ಇದೇ ಬಗೆ. ಐಬಿಎಸ್‌ನಲ್ಲಿ ಕರುಳಿನ ನರಗಳು ಸಣ್ಣ ಒತ್ತಡಕ್ಕೂ ಜಾಸ್ತಿ ನೋವು ಕಳಿಸುತ್ತವೆ, ಭಯ ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ. ಈ ಅಭ್ಯಾಸ ಹಿಡಿಯುವುದು ಆ ಎರಡನ್ನೂ.

ಮೊದಲ ದಿನ ನನಗೆ ಹೊರಗೆ ಮೀನಿನವರ ಹಾರ್ನ್ ಕೇಳಿಸುತ್ತಲೇ ಇತ್ತು. ಮುಗಿದ ಮೇಲೆ 'ಆಗಲಿಲ್ಲ ಮೇಡಂ, ಎಲ್ಲ ಕೇಳಿಸಿತು' ಅಂದೆ. 'ಕೇಳಿಸಬೇಕು. ಇದು ನಿದ್ದೆ ಅಲ್ಲ, ಬೇಕಾದಾಗ ಎದ್ದು ಹೋಗಬಹುದು. ಅಂಗೈ ಬಿಸಿ ಗೊತ್ತಾಯಿತಾ?' ಅಂದರು. ಗೊತ್ತಾಗಿತ್ತು. ಅಷ್ಟು ಸಾಕು ಅಂದರು. ಯಕ್ಷಗಾನ ನೋಡುವಾಗ ಪ್ರಸಂಗ ಹಿಡಿದರೆ ಸೊಳ್ಳೆ ಕಚ್ಚಿದ್ದೂ ಗೊತ್ತಾಗುವುದಿಲ್ಲ, ಆದರೂ ಚೆಂಡೆಯ ಒಂದು ಪೆಟ್ಟೂ ತಪ್ಪುವುದಿಲ್ಲ. ಗಮನ ಒಂದೇ ಕಡೆ ನೆಟ್ಟ ಆ ಸ್ಥಿತಿ ನಿಮಗೆ ಹೊಸದೇನಲ್ಲ.

ಡೈರಿಯಲ್ಲಿ ಈಗ ನೋವು, ಟಾಯ್ಲೆಟ್, ತಿಂದದ್ದು ಇಷ್ಟೇ ಬರೆಯುತ್ತೇನೆ. ಪೂರ್ತಿ ಗುಣವಾಗಿಲ್ಲ, ಮದುವೆ ಊಟ ಆದ ಮರುದಿನ ಈಗಲೂ ಕಷ್ಟವೇ. ಆದರೆ ತಿಂಡಿ ತಿಂದು ಬಸ್ ಹತ್ತುತ್ತೇನೆ.

ನಿಮ್ಮ ಥೆರಪಿಸ್ಟ್ ಹತ್ತಿರ ಕೇಳಿ: ಹೊಟ್ಟೆಗೆ ಅಂತಲೇ ಏನು ಹೇಳಿಕೊಡುತ್ತೀರಿ, ಎಷ್ಟು ಸೆಷನ್, ಸರಿಯಾಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ಈ ಬಗೆಯ ಚಿಕಿತ್ಸೆ ಸಾಮಾನ್ಯವಾಗಿ 7ರಿಂದ 12 ಸೆಷನ್ನಿನಲ್ಲಿ ಮುಗಿಯುತ್ತದೆ. ಉತ್ತರ ಮತ್ತೆ ಥೀಟಾ ಅಂತಲೇ ಬಂದರೆ, ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರನ್ನು ಹುಡುಕಿ. ಹಳೆಯ ನೆನಪು ತೆಗೆಯುತ್ತೇವೆ, ಹಿಂದಿನ ಜನ್ಮ ತೋರಿಸುತ್ತೇವೆ ಅನ್ನುವವರ ಬಾಗಿಲಿಗೂ ಹೋಗಬೇಡಿ. ಹಿಪ್ನಾಸಿಸ್‌ನಲ್ಲಿ ನಡೆಯದ ಸಂಗತಿಯೂ ನಡೆದ ನೆನಪಾಗಿ ಕೂತುಬಿಡಬಹುದು. ಮಲದಲ್ಲಿ ರಕ್ತ, ತೂಕ ಇಳಿಯುವುದು, ರಕ್ತ ಕಡಿಮೆ, ಹೊಟ್ಟೆಗಾಗಿ ರಾತ್ರಿ ನಿದ್ದೆಯಿಂದ ಏಳುವುದು ಇದ್ದರೆ ಇದೆಲ್ಲ ಆಮೇಲೆ, ಮೊದಲು ಡಾಕ್ಟರ್. ಮನೆಯಿಂದ ಹೊರಡುವುದಕ್ಕೇ ಹೆದರಿಕೆ ಅನ್ನುವಷ್ಟಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೆಡ್‌ಬ್ಯಾಂಡ್ ಆಗಲೇ ಆರ್ಡರ್ ಮಾಡಿದ್ದರೆ ಪ್ಯಾಕ್ ಒಡೆಯಬೇಡಿ, ರಿಟರ್ನ್ ದಿನ ಮುಗಿಯುವ ಮೊದಲು ವಾಪಸ್ ಕಳಿಸಿಬಿಡಿ.