ಕಪ್ಪು ಗಾಜಿನ ಗ್ಯಾಸ್ ಸ್ಟವ್ ಎಷ್ಟು ಒರೆಸಿದರೂ ಬಿಳಿ ಗೆರೆ ಉಳಿಯುತ್ತದೆ, ಮನೆಯಲ್ಲಿರುವ ಸಾಮಾನಿನಲ್ಲೇ ಕ್ಲೀನ್ ಮಾಡುವುದು ಹೇಗೆ?

ದಿನಾ ಸೋಪು ಹಾಕಿ ಉಜ್ಜುತ್ತೀರಿ, ಒಣಗಿದ ಮೇಲೆ ಗೆರೆ ಗೆರೆ ಕಾಣುತ್ತದೆ, ಬರ್ನರ್ ಸುತ್ತ ಕಂದು ಉಂಗುರ ಹೋಗುತ್ತಿಲ್ಲ, ಅಡುಗೆ ಸೋಡಾ ಮತ್ತು ವಿನೆಗರ್ ಕಲಸಿ ಹಾಕಿದರೂ ಪ್ರಯೋಜನ ಆಗಲಿಲ್ಲ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಕಪ್ಪು ಗಾಜಿನ ಸ್ಟವ್ ಇದೆ, ಬರುವುದು ಬೋರ್‌ವೆಲ್ ನೀರು, ಹಾಗಾಗಿ ನಿಮ್ಮ ಕಷ್ಟ ಚೆನ್ನಾಗಿ ಗೊತ್ತು. ಅಂಗಡಿಯಿಂದ ಹೊಸದಾಗಿ ಏನೂ ತರಬೇಕಾಗಿಲ್ಲ.

ಮೊದಲು ಆ ಬಿಳಿ ಗೆರೆಯ ವಿಷಯ. ಅದು ಹೆಚ್ಚಿನ ಸಲ ಕೊಳೆಯೇ ಅಲ್ಲ. ನೀವು ಹಾಕಿದ ಸೋಪು, ಒಣಗಿದ ನೀರಿನ ಉಪ್ಪು, ಮತ್ತೆ ಬಟ್ಟೆಯಲ್ಲಿದ್ದ ಜಿಡ್ಡು. ಸ್ಟೀಲ್ ಸ್ಟವ್ ಮೇಲೂ ಇದೇ ಉಳಿದಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ, ಕಪ್ಪು ಗಾಜು ಒಂದನ್ನೂ ಮುಚ್ಚಿಡುವುದಿಲ್ಲ. ಅದಕ್ಕೇ ಜಾಸ್ತಿ ಸೋಪು ಹಾಕಿದಷ್ಟೂ ಜಾಸ್ತಿ ಮಸುಕಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಸಾಕು, ಅದನ್ನೂ ನೇರವಾಗಿ ಗಾಜಿನ ಮೇಲೆ ಸುರಿಯದೆ ಒಂದು ಬಟ್ಟಲು ಬಿಸಿನೀರಿಗೆ ಹಾಕಿ, ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ. ಕೊನೆಗೆ ಒಣ ಬಟ್ಟೆ. ಈ ಒಣ ಬಟ್ಟೆಯನ್ನು ಮಾತ್ರ ಬಿಡಲೇಬೇಡಿ, ನೀರು ತಾನಾಗಿ ಆರಲಿ ಅಂತ ಬಿಟ್ಟರೆ ಕಲೆ ಬಂದೇ ಬರುತ್ತದೆ. ಹಳೇ ಬನಿಯನ್ ಬಟ್ಟೆ ಇದಕ್ಕೆ ತುಂಬಾ ಚೆನ್ನಾಗಿರುತ್ತದೆ. ಬಿಸಿ ಪಾತ್ರೆ ಹಿಡಿಯುವ, ಕಟ್ಟೆ ಒರೆಸುವ ಮಸಿಬಟ್ಟೆಯನ್ನೇ ಗಾಜಿಗೂ ಬಳಸುತ್ತಿದ್ದರೆ ಇವತ್ತೇ ಬೇರೆ ಮಾಡಿ, ಎಷ್ಟೋ ಮನೆಗಳಲ್ಲಿ ಅರ್ಧ ಸಮಸ್ಯೆ ಅಲ್ಲೇ ಇರುತ್ತದೆ.

ಇನ್ನು ಸೋಡಾ, ವಿನೆಗರ್. ಎರಡೂ ಒಳ್ಳೆಯವೇ, ಆದರೆ ಒಟ್ಟಿಗೆ ಅಲ್ಲ. ಸೋಡಾ ಕ್ಷಾರ, ವಿನೆಗರ್ ಆಮ್ಲ, ಕಲಸಿದ ತಕ್ಷಣ ಬುರುಬುರು ನೊರೆ ಬರುತ್ತದಲ್ವಾ, ಅದು ಬರೀ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವುದು. ನೊರೆ ಇಳಿದ ಮೇಲೆ ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಅನ್ನುವ ಒಂದು ಉಪ್ಪು. ಒಂದರ ಶಕ್ತಿಯನ್ನು ಇನ್ನೊಂದು ಕಳೆದುಬಿಡುತ್ತದೆ. ವಿಡಿಯೋಗಳಲ್ಲಿ ನೊರೆ ನೋಡಲು ಚೆಂದ, ಕಲೆಗೆ ಅದರಿಂದ ಏನೂ ಆಗುವುದಿಲ್ಲ.

ಸೋಡಾ ಬೇಕಾಗುವುದು ಆ ಕಂದು ಉಂಗುರಕ್ಕೆ. ಹಾಲು ಉಕ್ಕಿದ್ದು, ಕುಕ್ಕರ್ ವಿಷಲ್ ಜೊತೆ ಚಿಮ್ಮಿದ ಬೇಳೆ ನೀರು, ಒಗ್ಗರಣೆಯಿಂದ ಸಿಡಿದ ಎಣ್ಣೆ, ಇವೆಲ್ಲಾ ಉರಿಯ ಪಕ್ಕದಲ್ಲೇ ಕಾದು ಕಾದು ಕರಕಲಾಗಿ ಕೂತಿರುತ್ತವೆ. ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಉಂಗುರದ ಮೇಲೆ ಬಳಿದು, ಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹೊದಿಸಿ ಅರ್ಧ ಗಂಟೆ ಬಿಡಿ. ಒದ್ದೆ ಬಟ್ಟೆ ಮುಖ್ಯ, ಇಲ್ಲದಿದ್ದರೆ ಸೋಡಾ ಒಣಗಿ ಪುಡಿಯಾಗುತ್ತದೆ, ಕರಕಲು ನೆನೆಯುವುದೇ ಇಲ್ಲ. ಆಮೇಲೆ ಸ್ಪಂಜಿನ ಮೆತ್ತನೆ ಬದಿಯಿಂದ ಸುತ್ತ ಸುತ್ತ ಉಜ್ಜಿ. ಗಡಸುತನವನ್ನು 1ರಿಂದ 10ರ ತನಕ ಅಳೆಯುವ ಮೋಸ್ ಮಾಪಕದಲ್ಲಿ ಗಾಜಿನದ್ದು ಸುಮಾರು 5.5, ಸೋಡಾದ್ದು ಅದರ ಅರ್ಧದಷ್ಟೂ ಇಲ್ಲ, ಹಾಗಾಗಿ ಸೋಡಾದಿಂದ ಗೀಚು ಬೀಳುವ ಭಯ ಇಲ್ಲ. ಮರಳಿನಂಥ ಕಣ ಇರುವ ಪಾತ್ರೆ ಪುಡಿ ಹಾಗಲ್ಲ, ಮರಳು ಗಾಜಿಗಿಂತ ಗಟ್ಟಿ. ಅಂಥ ಪುಡಿ, ಸ್ಟೀಲ್ ನಾರು, ಚಾಕು, ಮೂರನ್ನೂ ದೂರ ಇಡಿ. ಒಂದು ಸಲಕ್ಕೆ ಉಂಗುರ ಪೂರ್ತಿ ಹೋಗದಿದ್ದರೆ ಜೋರಾಗಿ ಉಜ್ಜುವ ಬದಲು ಮಾರನೇ ದಿನ ಮತ್ತೆ ನೆನೆಸಿ. ಬೆಲ್ಲದ ಪಾಕ, ಪಾಯಸ ಚೆಲ್ಲಿದ್ದರೆ ಸೋಡಾ ಕೂಡ ಬೇಡ, ಬಿಸಿನೀರಿನ ಬಟ್ಟೆ ಹಾಕಿಟ್ಟರೆ ತಾನೇ ಕರಗುತ್ತದೆ.

ವಿನೆಗರ್ ಬೇಕಾಗುವುದು ಚುಕ್ಕಿ ಚುಕ್ಕಿಯಾಗಿ ಕೂತ ಬಿಳಿ ಕಲೆಗೆ, ಅಂದರೆ ಗಡಸು ನೀರು ಆರಿದಾಗ ಉಳಿಯುವ ಸುಣ್ಣಕ್ಕೆ. ಕೋಲಾರ, ತುಮಕೂರು ಕಡೆ, ಬೆಂಗಳೂರಲ್ಲಿ ಬೋರ್‌ವೆಲ್ ನಂಬಿರುವ ಬಡಾವಣೆಗಳಲ್ಲಿ ಇದು ಜಾಸ್ತಿ. ಇದಕ್ಕೆ ಸೋಪು, ಸೋಡಾ ಎರಡೂ ನಾಟುವುದಿಲ್ಲ, ಆಮ್ಲವೇ ಬೇಕು. ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಬಟ್ಟೆಗೆ ಹಾಕಿಕೊಂಡು ಒರೆಸಿ, ಐದು ನಿಮಿಷ ಬಿಟ್ಟು ನೀರಿನ ಬಟ್ಟೆಯಲ್ಲಿ ತೆಗೆಯಿರಿ. ವಿನೆಗರ್ ಇಲ್ಲದಿದ್ದರೆ ಹಿಂಡಿದ ನಿಂಬೆ ಹೋಳು ಸಾಕು. ನಿಮ್ಮ ಅಡುಗೆ ಕಟ್ಟೆ ಮಾರ್ಬಲ್ ಆಗಿದ್ದರೆ ಅದರ ಮೇಲೆ ಈ ನೀರು ಬೀಳದ ಹಾಗೆ ನೋಡಿಕೊಳ್ಳಿ, ಮಾರ್ಬಲ್‌ನ ಹೊಳಪು ಹೋಗುತ್ತದೆ. ಬಾತ್‌ರೂಮಿನ ಬ್ಲೀಚ್ ಮಾತ್ರ ಇದರ ಹತ್ತಿರವೂ ತರಬೇಡಿ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ವಿಷ.

ಇದೆಲ್ಲಾ ಶುರು ಮಾಡುವ ಮುಂಚೆ ರೆಗ್ಯುಲೇಟರ್ ಆಫ್ ಮಾಡಿ, ಗಾಜು ಪೂರ್ತಿ ತಣ್ಣಗಾಗುವ ತನಕ ಕಾಯಿರಿ. ಈ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾಯಿಸಿ, ಮೇಲೆ ಜೋರಾಗಿ ಗಾಳಿ ಬಿಟ್ಟು ಬೇಗ ತಣಿಸಿ ಗಟ್ಟಿ ಮಾಡಿರುತ್ತಾರೆ. ಗಟ್ಟಿಯೇನೋ ಹೌದು, ಆದರೆ ಕಾದಿರುವಾಗ ತಣ್ಣೀರು ಸುರಿದರೆ, ಅಂಚಿಗೆ ಪೆಟ್ಟು ಬಿದ್ದರೆ, ಆಳವಾದ ಗೀಚು ಇದ್ದರೆ ಒಂದೇ ಸಲಕ್ಕೆ ಸಾವಿರ ಚೂರಾಗುವ ಅಪಾಯ ಇದೆ. ಸುಮ್ನೆ ಹೆದರಿಸುತ್ತಿಲ್ಲ, ಅವಸರ ಮಾಡಬೇಡಿ ಅಂತ ಹೇಳುತ್ತಿದ್ದೇನೆ.

ಬರ್ನರ್ ತಲೆ ಹಿತ್ತಾಳೆಯದಾಗಿದ್ದರೆ ಹುಣಸೆ ನೀರಲ್ಲಿ ನೆನೆಸಿಟ್ಟು ಹಳೇ ಬ್ರಶ್‌ನಿಂದ ಉಜ್ಜಿ, ತೂತುಗಳನ್ನು ಪಿನ್ನಿಂದ ಬಿಡಿಸಿ. ಅಲ್ಯೂಮಿನಿಯಂ ಭಾಗ ಇದ್ದರೆ ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ತಾಗಿಸಬೇಡಿ, ಕಪ್ಪಾಗುತ್ತದೆ. ಪೂರ್ತಿ ಒಣಗಿದ ಮೇಲೇ ವಾಪಸ್ ಕೂರಿಸಿ, ಒಳಗೆ ನೀರಿದ್ದರೆ ಉರಿ ಸರಿಯಾಗಿ ಬರುವುದಿಲ್ಲ.

ಇಷ್ಟಾದರೂ ಏನಾದರೂ ಉಳಿದರೆ ಉಗುರು ಆಡಿಸಿ ನೋಡಿ. ಉಬ್ಬಾಗಿ ಸಿಕ್ಕರೆ ಅದು ಕರಕಲು, ಇನ್ನೊಂದು ಸಲ ಸೋಡಾ ಹಾಕಿ. ತಗ್ಗಾಗಿ ಸಿಕ್ಕರೆ ಗೀಚು, ಅದು ಯಾವುದರಿಂದಲೂ ಹೋಗುವುದಿಲ್ಲ, ಉಜ್ಜುತ್ತಾ ಕೂರಬೇಡಿ. ಅಂಚಿನಿಂದ ಒಳಕ್ಕೆ ಕೂದಲೆಳೆಯಂಥ ಬಿರುಕು ಕಂಡರೆ ಮಾತ್ರ ಸ್ಟವ್ ಹಚ್ಚುವುದನ್ನು ನಿಲ್ಲಿಸಿ, ಕಂಪನಿಯ ಸರ್ವಿಸ್‌ನವರಿಗೆ ಫೋನ್ ಮಾಡಿ.