ಇಪ್ಪತ್ತು ಮೀಟರ್‌ನ ಹಿಲ್ ಉಳಿಯಬೇಕು

ಸ್ಕೀ ಜಂಪಿಂಗ್ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಹವ್ಯಾಸಿ ಜಂಪರ್ ಒಬ್ಬರ ಉತ್ತರ

ಪ್ರಶ್ನೆ: ಟಿವಿಯಲ್ಲಿ ನೋಡಿದರೇ ಎದೆ ಝಲ್ ಅನ್ನುತ್ತೆ. ಅಷ್ಟು ಎತ್ತರದಿಂದ ಹಾರೋಕೆ ಭಯ ಆಗಲ್ವಾ?

ಆಗುತ್ತದೆ. ಆದರೆ ಎತ್ತರಕ್ಕಲ್ಲ. ಟಿವಿಯಲ್ಲಿ ಕಾಣುವಷ್ಟು ಮೇಲೆ ಯಾರೂ ಹಾರುವುದಿಲ್ಲ. ಜಂಪರ್ ಕೆಳಗಿಳಿದ ಹಾಗೆ ಹಿಲ್, ಅಂದರೆ ಹಾರುವುದಕ್ಕೆಂದೇ ಕಟ್ಟಿದ ಇಳಿಜಾರು, ಅದೂ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ದೊಡ್ಡ ಹಿಲ್‌ನಲ್ಲೂ ಕಾಲಿಗೂ ನೆಲಕ್ಕೂ ನಡುವೆ ಇರುವುದು ಕೆಲವೇ ಮೀಟರ್.

ನನಗೆ ಭಯ ಆಗುವುದು ಮೇಲೆ, ಜಾರುದಾರಿ ಶುರುವಾಗುವ ಕಡೆಯ ಅಡ್ಡಪಟ್ಟಿಯ ಮೇಲೆ ಕೂತಾಗ. ಕೈಯಲ್ಲಿ ಕೋಲಿಲ್ಲ, ಸ್ಕೀಗಳು ಎರಡು ಜಾಡುಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಪಟ್ಟಿ ಬಿಟ್ಟರೆ ಮುಗಿಯಿತು, ನಿಲ್ಲಿಸುವ ದಾರಿ ಇಲ್ಲ. ಆಮೇಲೆ ಭಯಕ್ಕೆ ಪುರುಸೊತ್ತಿರುವುದಿಲ್ಲ, ತಲೆ ತುಂಬಾ ಟೇಕಾಫ್ ಒಂದೇ. ಟೇಬಲ್‌ನ (ಜಾರುದಾರಿಯ ಕೊನೆಯ, ಹಾರುವ ಜಾಗದ) ತುದಿ ಮೇಲಕ್ಕೆ ಬಾಗಿರುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಿಜವಾಗಿ ಅದು ಸುಮಾರು ಹತ್ತು ಡಿಗ್ರಿ ಕೆಳಮುಖವಾಗಿಯೇ ಇರುತ್ತದೆ. ಮೇಲಕ್ಕೆ ಚಿಮ್ಮುವ ಬಲ ಪೂರ್ತಿ ತೊಡೆಗಳದ್ದು. ದೊಡ್ಡ ಹಿಲ್‌ನಲ್ಲಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ಬರುವವರಿಗೆ ಆ ಒಂದು ಒದೆತಕ್ಕೆ ಸಿಗುವುದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು. ತಡವಾದರೆ ಒದೆಯುವುದಕ್ಕೆ ಕಾಲಡಿ ಏನೂ ಇರುವುದಿಲ್ಲ.

ಪ್ರಶ್ನೆ: ನನಗೆ 38 ವರ್ಷ. ಈಗ ಶುರು ಮಾಡಬಹುದಾ?

ಧಾರಾಳವಾಗಿ. ನಾನೂ ದೊಡ್ಡವನಾದ ಮೇಲೆಯೇ ಶುರು ಮಾಡಿದ್ದು. ಮಾಮೂಲಿ ಸ್ಕೀಯಿಂಗ್ ಚೆನ್ನಾಗಿ ಬಂದರೆ ಸಾಕು. ಮೊದಲು ಲ್ಯಾಂಡಿಂಗ್ ಇಳಿಜಾರನ್ನು ಸುಮ್ನೆ ಜಾರಿ ಅಭ್ಯಾಸ ಮಾಡಿಸುತ್ತಾರೆ. ಆಮೇಲೆ ಹತ್ತು ಮೀಟರ್‌ನ ಹಿಲ್. ಇಲ್ಲಿ ಹತ್ತು ಅಂದರೆ ಹಾರುವ ದೂರ, ಎತ್ತರ ಅಲ್ಲ. ಹಿಮ್ಮಡಿ ಮೇಲೇಳುವ ಉದ್ದನೆಯ ಜಂಪಿಂಗ್ ಸ್ಕೀ ಅದಾದ ಮೇಲಿನ ಮಾತು. ಧೈರ್ಯ ಬೇಕಿದ್ದರೆ ಜಪಾನಿನ ನೊರಿಯಾಕಿ ಕಸಾಯ್ ಅವರನ್ನು ನೋಡಿ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ದೊಡ್ಡ ಹಿಲ್‌ನ ಬೆಳ್ಳಿ ಗೆದ್ದಾಗ ಅವರಿಗೆ 41. ಐವತ್ತು ದಾಟಿದ ಮೇಲೂ ವರ್ಲ್ಡ್ ಕಪ್‌ನಲ್ಲಿ ಹಾರಿದ್ದಾರೆ.

ಪ್ರಶ್ನೆ: ಜಾಸ್ತಿ ದೂರ ಹಾರಿದವರೇ ಗೆಲ್ಲಬೇಕು, ಅಲ್ವಾ? ತೀರ್ಪುಗಾರರು ಯಾಕೆ?

ದೂರಕ್ಕೇ ಹೆಚ್ಚು ಬೆಲೆ. ಹಿಲ್‌ನ ಕೆ-ಪಾಯಿಂಟ್ (ದೂರದ ಅಂಕ ಎಣಿಸಲು ಇಳಿಜಾರಿನಲ್ಲಿ ಗುರುತು ಮಾಡಿದ ಜಾಗ) ಮುಟ್ಟಿದರೆ 60 ಅಂಕ, ದೊಡ್ಡ ಹಿಲ್‌ನಲ್ಲಿ ಅದರಾಚೆಗಿನ ಪ್ರತಿ ಮೀಟರ್‌ಗೆ 1.8. ಹಾರುವ, ಇಳಿಯುವ ಶೈಲಿಗೆ ಐದು ಜನ ತೀರ್ಪುಗಾರರು ತಲಾ 20ರವರೆಗೆ ಕೊಡಬಹುದು, ಅತಿ ಹೆಚ್ಚಿನದೂ ಅತಿ ಕಡಿಮೆಯದೂ ಲೆಕ್ಕಕ್ಕಿಲ್ಲ. ಎದುರುಗಾಳಿ ಜಂಪರ್‌ನನ್ನು ಎತ್ತಿ ಹಿಡಿಯುತ್ತದೆ, ಹಾಗಾಗಿ ಅದು ಸಿಕ್ಕಿದವರಿಗೆ ಅಂಕ ಕಡಿತ, ಹಿಂದಿನಿಂದ ಗಾಳಿ ಬಂದವರಿಗೆ ಸೇರ್ಪಡೆ.

ಶೈಲಿಯ ಅಂಕ ನನಗೆ ಇಷ್ಟ. ಒಂದು ಕಾಲು ಮುಂದೆ, ಮಂಡಿ ಬಗ್ಗಿಸಿ, ಕೈ ಚಾಚಿ ಇಳಿಯುವ ಟೆಲಿಮಾರ್ಕ್ ಈ ಆಟದ ಮರ್ಯಾದೆ. ಆದರೆ ತೀರ್ಪುಗಾರರು ಹೊಸದನ್ನು ಗುರುತಿಸುವುದು ತಡ. ಸ್ವೀಡನ್ನಿನ ಯಾನ್ ಬೊಕ್ಲೋವ್ ಸ್ಕೀಗಳನ್ನು ವಿ ಆಕಾರದಲ್ಲಿ ಅಗಲಿಸಿ ಹಾರಿದಾಗ ಅಂಕ ಕಡಿದರು. ಆದರೂ 1988-89ರ ವರ್ಲ್ಡ್ ಕಪ್ ಅವರದೇ ಆಯಿತು. ಇವತ್ತು ಎಲ್ಲರೂ ಹಾಗೇ ಹಾರುತ್ತಾರೆ.

ಪ್ರಶ್ನೆ: 2025ರ ಸೂಟ್ ಹಗರಣದ ನಂತರ ಇದು ದರ್ಜಿಗಳ ಆಟ ಅನ್ನಿಸಲ್ವಾ?

ತುಂಬ ನೋವಾಯಿತು. ಟ್ರೋಂಡ್‌ಹೈಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಈ ಆಟ ಹುಟ್ಟಿದ ನಾರ್ವೆಯ ತಂಡವೇ ಸೂಟಿನೊಳಗೆ ಗಟ್ಟಿ ದಾರ ಹೊಲಿಸಿದ್ದು ಬಯಲಾಯಿತು. ಬಟ್ಟೆ ಬಿಗಿಯಾಗಿ ಹರಡಿದಷ್ಟೂ ಗಾಳಿ ಹೆಚ್ಚು ಹೊತ್ತು ಎತ್ತಿ ಹಿಡಿಯುತ್ತದೆ. ಇಬ್ಬರು ಜಂಪರ್‌ಗಳು ಅನರ್ಹರಾದರು.

ತಪಾಸಣೆ ಬಿಗಿಯಾಗಲೇಬೇಕು. ಆದರೆ ನನ್ನ ಕೋಪ ಬೇರೆ ಕಾರಣಕ್ಕೆ. ದೊಡ್ಡ ತಂಡಗಳು ಹೊಸ ಸೂಟು ಹೊಲಿಸುತ್ತಲೇ ಇರುತ್ತವೆ. ಚಿಕ್ಕ ಕ್ಲಬ್‌ನಲ್ಲಿ ಒಂದು ಸೂಟು ಮೂರ್ನಾಲ್ಕು ಮಕ್ಕಳ ಮೈಮೇಲೆ ದಾಟುತ್ತದೆ. ಸೂಟುಗಳ ಸಂಖ್ಯೆಗೆ ಎಲ್ಲ ಹಂತದಲ್ಲೂ ಮಿತಿ ಇರಲಿ, ಬಟ್ಟೆ ಒಂದೇ ಬಗೆಯದಾಗಲಿ. ಆಗ ಬಡ ದೇಶದ ಹುಡುಗನಿಗೂ ಗೆಲ್ಲುವ ಆಸೆ ಉಳಿಯುತ್ತದೆ.

ಪ್ರಶ್ನೆ: ಹಿಮವೇ ಕಮ್ಮಿ ಆಗ್ತಿದೆ. ಈ ಆಟ ಇನ್ನೆಷ್ಟು ದಿನ?

ಹಿಮ ಇಲ್ಲದೆಯೂ ಹಾರಬಹುದು. 1954ರಲ್ಲೇ ಪೂರ್ವ ಜರ್ಮನಿಯ ಹಾನ್ಸ್ ರೆನ್ನರ್ ಪ್ಲಾಸ್ಟಿಕ್ ಹಾಸು ತಯಾರಿಸಿದರು. ಇಳಿಜಾರಿನ ಮೇಲೆ ಪ್ಲಾಸ್ಟಿಕ್ ಎಳೆಗಳನ್ನು ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿ, ನೀರು ಚಿಮುಕಿಸುತ್ತಾರೆ. ನಾನು ಬೇಸಿಗೆಯಲ್ಲೇ ಜಾಸ್ತಿ ಹಾರುವುದು. ಸೂಟಿನೊಳಗೆ ಬೆವರು ಸುರಿಯುತ್ತದೆ, ಬಿದ್ದರೆ ಚರ್ಮ ಉರಿಯುತ್ತದೆ, ಆದರೆ ಟೇಕಾಫ್ ಅದೇ, ಗಾಳಿ ಅದೇ. 2022ರ ನವೆಂಬರ್‌ನಲ್ಲಿ ಪೋಲೆಂಡಿನ ವಿಸ್ವಾದಲ್ಲಿ ವರ್ಲ್ಡ್ ಕಪ್ಪೇ ಹೀಗೆ ಶುರುವಾಯಿತು. ಜಾರುವ ಜಾಡಿನಲ್ಲಿ ಮಂಜುಗಡ್ಡೆ, ಇಳಿಯುವ ಕಡೆ ಪ್ಲಾಸ್ಟಿಕ್.

ಹಿಮಕ್ಕಿಂತ ನನಗೆ ಜಾಸ್ತಿ ಚಿಂತೆ ಚಿಕ್ಕ ಹಿಲ್‌ಗಳದ್ದು. ಕೆನಡಾವನ್ನೇ ನೋಡಿ. 1988ರ ಒಲಿಂಪಿಕ್ಸ್‌ಗೆ ಕ್ಯಾಲ್ಗರಿಯಲ್ಲಿ ಕಟ್ಟಿದ ಹಿಲ್‌ಗಳು 2018ರಲ್ಲಿ ಮುಚ್ಚಿದವು. ಅಲ್ಲಿನ ಜಂಪರ್‌ಗಳು ಅಭ್ಯಾಸಕ್ಕೆ ಸ್ಲೊವೇನಿಯಾಕ್ಕೆ ಹೋಗಬೇಕಾಯಿತು. 2022ರಲ್ಲಿ ಬೀಜಿಂಗ್‌ನಲ್ಲಿ ಅವರು ಮಿಶ್ರ ತಂಡದ ಕಂಚು ಗೆದ್ದರು, ಈ ಆಟದಲ್ಲಿ ಕೆನಡಾಕ್ಕೆ ಮೊದಲ ಒಲಿಂಪಿಕ್ ಪದಕ. ಖುಷಿ ಪಟ್ಟೆ. ಆದರೆ ಆ ಪದಕ ನೋಡಿ ಆಸೆಪಟ್ಟ ಕ್ಯಾಲ್ಗರಿಯ ಏಳು ವರ್ಷದ ಮಗು ಎಲ್ಲಿ ಹಾರಬೇಕು?

ಒಲಿಂಪಿಕ್ ಹಿಲ್ ಕಟ್ಟಲು ಸರ್ಕಾರವೇ ಬೇಕು. ಇಪ್ಪತ್ತು ಮೀಟರ್‌ನ ಹಿಲ್ ನೋಡಿಕೊಳ್ಳಲು ಹಾಸು ಸರಿಮಾಡುವ, ಹುಲ್ಲು ಕತ್ತರಿಸುವ ಒಂದಷ್ಟು ಅಪ್ಪ-ಅಮ್ಮಂದಿರು ಸಾಕು. ನಮ್ಮ ಕ್ಲಬ್ ಉಳಿದಿರುವುದು ಅವರಿಂದಲೇ.

ಪ್ರಶ್ನೆ: 300 ಮೀಟರ್ ಹಾರುವುದನ್ನು ನೋಡುತ್ತೇವಾ?

ನೋಡಬಹುದು. 2024ರಲ್ಲಿ ಜಪಾನಿನ ರ್‍ಯೊಯು ಕೊಬಯಾಶಿ ಐಸ್‌ಲ್ಯಾಂಡಿನಲ್ಲಿ, ಅದಕ್ಕೆಂದೇ ಸಿದ್ಧಮಾಡಿದ ಇಳಿಜಾರಿನಲ್ಲಿ, 291 ಮೀಟರ್ ಹಾರಿದರು. ಅದು ಅಧಿಕೃತ ದಾಖಲೆ ಅಲ್ಲ. ಸ್ಪರ್ಧೆಯಲ್ಲಿ ಸ್ಲೊವೇನಿಯಾದ ಡೊಮೆನ್ ಪ್ರೆವ್ಟ್ಸ್ 2025ರಲ್ಲಿ ತಮ್ಮ ದೇಶದ ಪ್ಲಾನಿಟ್ಸಾದಲ್ಲಿ 254.5 ಮೀಟರ್ ಮುಟ್ಟಿದರು.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ, ಹಾರಬೇಕು ಅಂತ ಹಟ. ಹುಡುಗಿಯರಿಗೆ ಇದರಲ್ಲಿ ಭವಿಷ್ಯ ಇದೆಯಾ?

ಈಗ ಇದೆ, ಹೋರಾಡಿ ಪಡೆದದ್ದು. ಗಂಡಸರು 1924ರಿಂದಲೇ ಒಲಿಂಪಿಕ್ಸ್‌ನಲ್ಲಿ ಹಾರುತ್ತಿದ್ದರು. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 2014ರಲ್ಲಿ, ಅದೂ ಚಿಕ್ಕ ಒಲಿಂಪಿಕ್ ಹಿಲ್‌ನಲ್ಲಿ ಮಾತ್ರ. ವ್ಯಾಂಕೂವರ್ 2010ಕ್ಕೆ ಮುಂಚೆ ಅವರು ಕೋರ್ಟಿಗೂ ಹೋಗಿ ಸೋತಿದ್ದರು. ಒಲಿಂಪಿಕ್ಸ್‌ನ ದೊಡ್ಡ ಹಿಲ್ ಅವರಿಗೆ ಸಿಕ್ಕಿದ್ದು 2026ರಲ್ಲಿ. ನೀಕಾ ಪ್ರೆವ್ಟ್ಸ್, ಮೇಲೆ ಹೇಳಿದ ಡೊಮೆನ್‌ನ ತಂಗಿ, 2025ರಲ್ಲಿ 236 ಮೀಟರ್ ಹಾರಿದ್ದಾರೆ. ಹೆಂಗಸರ ದೇಹ ಇದನ್ನು ತಾಳುವುದಿಲ್ಲ ಅನ್ನುತ್ತಿದ್ದ ಕಾಲವೂ ಇತ್ತು!

ಮಗಳನ್ನು ಕಳಿಸಿ. ಸ್ಕೀ, ಸೂಟು ಈಗಲೇ ಕೊಳ್ಳಬೇಡಿ, ಕ್ಲಬ್‌ನಲ್ಲಿ ಎರವಲು ಕೇಳಿ. ಮಕ್ಕಳು ಬೇಗ ಬೆಳೆಯುತ್ತಾರೆ. ಹೆಲ್ಮೆಟ್ ಮಾತ್ರ ಅವಳ ತಲೆಗೇ ಸರಿಯಾಗಿ ಕೂರುವಂಥದ್ದು ಇರಲಿ. ದೂರ ಅಳೆಯುವ ಮುಂಚೆ ಇಳಿಯುವುದನ್ನು ಕಲಿಸುವ ಕೋಚ್ ಇದ್ದಾರಾ ಅಂತ ವಿಚಾರಿಸಿ. ತೂಕ ಇಳಿಸು ಅಂತ ಯಾರಾದರೂ ಮಗುವಿಗೆ ಹೇಳಿದರೆ ಆ ಕ್ಲಬ್ ಬಿಡಿಸಿ, ಬೇರೆ ನೋಡಿ.