ಹಟ ಎಲ್ಲಿಯವರೆಗೆ, ಮೆಚ್ಚುಗೆ ಯಾವಾಗ

ಮಲ್ಪೆಯ ಟ್ರಾಲ್ ಬೋಟಿಗೆ (ಬಲೆ ಎಳೆದು ಮೀನು ಹಿಡಿಯುವ ಬೋಟು) ಹೊಸ ತಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು ನೀವು. ‘ಇನ್ನೊಂದು ಬಲೆ ಬಿಡೋಣ’ ಎಂದರೆ ಹುಡುಗರು ಮುನಿಯುತ್ತಾರೆ, ಹೊಗಳಿದರೆ ಸಡಿಲವಾಗುತ್ತಾರೆ ಎಂದಿದ್ದೀರಿ. ಹಟದ ಮಿತಿಯನ್ನು ದಕ್ಕೆ (ಬೋಟು ಕಟ್ಟುವ ಕಟ್ಟೆ) ಬಿಡುವ ಮೊದಲೇ ಹೇಳಿಬಿಡಿ: ವಾಪಸಾಗುವ ಡೀಸೆಲ್ ಮುಟ್ಟುವುದಿಲ್ಲ, ಸತತ 2 ಬಲೆ ಖಾಲಿ ಬಂದರೆ ಜಾಗ ಬದಲು, ರಾತ್ರಿ ಎದ್ದವರಿಗೆ ಹಗಲು ನಿದ್ದೆ. ನಿದ್ದೆಗೆಟ್ಟವನ ಕೈ ವಿಂಚಿನ (ಬಲೆ ಎಳೆಯುವ ಯಂತ್ರ) ರೋಪಿಗೆ ಸಿಕ್ಕಿದರೆ ಬೆರಳೇ ಹೋಗುತ್ತದೆ.

‘ಲಾಯ್ಕ್ ಮಾಡಿದಿ, ಇನ್ನೊಮ್ಮೆ ಬಿಡುವ’ ಎಂದು ಒಂದೇ ಉಸಿರಿಗೆ ಹೇಳಿದರೆ ಅದು ಬರೇ ಪುಸಲಾವಣೆ. ‘ರಾತ್ರಿ ನೀನು ಆ ಹರಕು ಹೊಲಿದದ್ದಕ್ಕೇ ಮೀನು ಉಳಿಯಿತು ಮಾರಾಯ’ ಎಂದು ಬಲೆಯ ಬುಡದಲ್ಲೇ ಹೇಳಿ, ಸುಮ್ಮನಾಗಿ. ಅಡುಗೆಯವನನ್ನೂ ಮರೆಯಬೇಡಿ. ಮೀನು ಮಾರಿದ ದಿನವೇ ಡೀಸೆಲ್, ಐಸು ಕಳೆದ ಲೆಕ್ಕ ಎಲ್ಲರಿಗೂ ತೋರಿಸಿ. ಪಾಲು ತಡವಾದರೆ ಮೆಚ್ಚುಗೆಯ ಬಾಯಿಮಾತಿಗೆ ಬೆಲೆಯಿರುವುದಿಲ್ಲ. ಜೂನ್ 1ರಿಂದ ಜುಲೈ 31ರ ಮಳೆಗಾಲದ ಮೀನುಗಾರಿಕೆ ನಿಷೇಧದ ರಜೆಯಲ್ಲೊಮ್ಮೆ ಹುಡುಗರ ಮನೆಗೆ ಹೋಗಿ ಬನ್ನಿ, ಆಗಸ್ಟಿನಲ್ಲಿ ಮತ್ತೆ ಕಡಲಿಗಿಳಿಯುವ ಮಾತೆತ್ತದೆ.